ಮದ್ದು ತಂದ ಬಾಯಿಹುಣ್ಣಿನ ಕತೆ

ರಕ್ತದ ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೂದಲುದುರಿದ ತಲೆ. ಆದರೆ ಕೀಮೋಥೆರಪಿ ಪಡೆದ ಅನೇಕರು ಹೇಳಿಕೊಳ್ಳುವ ಸಂಕಟ ಬೇರೆ. ಬಾಯಿ ತುಂಬ ಹುಣ್ಣು, ಒಂದು ತುತ್ತು ಗಂಜಿಯೂ ಗಂಟಲಿಳಿಯದು. ಈ ನೋವಿಗೂ ಒಂದು ಚರಿತ್ರೆಯಿದೆ. ಅದರ ಒಂದು ಎಳೆ ನಮ್ಮ ನೆಲದಿಂದಲೇ ಹೊರಡುತ್ತದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಗೆ ಯೀಸ್ಟ್‌ನ ಸಾರ ಮದ್ದಾಗುವುದನ್ನು ಕಂಡುಕೊಂಡರು. ಅದರಲ್ಲಿದ್ದ ಪೋಷಕಾಂಶವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪೆನಿಯಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದರು. ಅವರ ತಂಡ ಈ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಬಳಿಕ ಅದರ ಕೆಲಸಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಎಂಬ ಮದ್ದನ್ನೂ ಸಿದ್ಧಪಡಿಸಿತು.

ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. 1948ರ ಜೂನ್‌ನಲ್ಲಿ ಅವರ ವರದಿ ಪ್ರಕಟವಾಯಿತು. 16 ಮಕ್ಕಳ ಪೈಕಿ 10 ಮಂದಿ ಚೇತರಿಸಿಕೊಂಡಿದ್ದರು. ಚೇತರಿಕೆ ತಾತ್ಕಾಲಿಕವಾಗಿದ್ದರೂ ಅದೊಂದು ಹೊಸ ಭರವಸೆ. ಆದರೆ ಬಾಯಿಹುಣ್ಣು ಕೂಡ ಅಂದೇ ದಾಖಲಾಯಿತು.

ಕಾರಣ ಸರಳ. ಇಂಥ ಮದ್ದು ಬೇಗಬೇಗನೆ ವಿಭಜಿಸುವ ಜೀವಕೋಶಗಳನ್ನು ಹೊಡೆಯುತ್ತದೆ, ಶತ್ರು-ಮಿತ್ರರೆಂಬ ಭೇದ ಅದಕ್ಕಿಲ್ಲ. ಬಾಯಿಯ ಒಳಪೊರೆಯೂ ಒಂದೆರಡು ವಾರಗಳಲ್ಲಿ ಹೊಸದಾಗುತ್ತಿರುತ್ತದೆ. ಆ ಕೆಲಸ ನಿಂತರೆ ಪೊರೆ ತೆಳುವಾಗಿ ಹುಣ್ಣಾಗುತ್ತದೆ. ಬಿಳಿ ರಕ್ತಕಣಗಳೂ ಕುಸಿದಿರುವಾಗ ಆ ಹುಣ್ಣು ರೋಗಾಣುಗಳು ರಕ್ತಕ್ಕಿಳಿಯುವ ಬಾಗಿಲಾಗುತ್ತದೆ.

ಬಹುಕಾಲ ವೈದ್ಯರಿಗೆ ಬಾಯಿಹುಣ್ಣು ಮದ್ದಿನ ಪ್ರಮಾಣ ಹೆಚ್ಚಾಯಿತೆಂಬ ಸೂಚನೆಯಾಗಿತ್ತು. ರೋಗಿಯ ನೋವು ತಾನೇ ಒಂದು ಪ್ರಶ್ನೆಯಾದದ್ದು ತಡವಾಗಿ. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಕ್ರಮವನ್ನು ಕೊಟ್ಟಿತು. ನಾಲ್ಕೆಂದರೆ ಬಾಯಿಯ ಮೂಲಕ ಆಹಾರ ಸೇವನೆ ಸಾಧ್ಯವೇ ಇಲ್ಲದ ಸ್ಥಿತಿ. ಇಂದು ಮೆದು ಬ್ರಷ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು, ನೋವು ಶಮನದ ಔಷಧಿ ಎಲ್ಲವೂ ಚಿಕಿತ್ಸೆಯ ಭಾಗಗಳೇ. ಒಳ್ಳೆಯ ಚಿಕಿತ್ಸೆ ಸಿಕ್ಕರೆ ರಕ್ತದ ಕ್ಯಾನ್ಸರಿನ ಬಹುಪಾಲು ಮಕ್ಕಳು ಬದುಕುಳಿಯುತ್ತಾರೆ.

ಆದರೂ ನಮ್ಮಲ್ಲಿ ಎಷ್ಟೋ ರೋಗಿಗಳು ‘ಪ್ರಾಣ ಉಳಿಸುವ ಮದ್ದಲ್ಲವೇ, ಇಷ್ಟಾದರೂ ಸಹಿಸಬೇಡವೇ’ ಎಂದು ಸುಮ್ಮನಿರುತ್ತಾರೆ. ರೋಗಿಯನ್ನು ನೋಡಲು ಹೋಗುವ ನಾವು ರಕ್ತದ ವರದಿ ಕೇಳುತ್ತೇವೆ, ಹಣ್ಣಿನ ಚೀಲ ಇಟ್ಟು ಬರುತ್ತೇವೆ. ‘ನುಂಗಲು ಆಗುತ್ತಿದೆಯೇ?’ ಎಂದು ಕೇಳುವುದಿಲ್ಲ. ಆ ಮಾತನ್ನು ಕೇಳೋಣ, ಉತ್ತರವನ್ನು ವೈದ್ಯರಿಗೆ ತಲುಪಿಸೋಣ.