ಹಂಬಲಕ್ಕೊಂದು ಅಳತೆಗೋಲು

ಕೆಲವು ಸಮುದಾಯಗಳು ಉದ್ಯಮದಲ್ಲಿ ಮುಂದಿವೆ, ಕೆಲವು ಹಿಂದಿವೆ. ಇದಕ್ಕೆ ಅವರವರ ಜಾತಿ, ಧರ್ಮವೇ ಕಾರಣ ಎಂಬ ಮಾತು ನಮ್ಮಲ್ಲಿ ಹಳೆಯದು. ಜರ್ಮನಿಯ ಮ್ಯಾಕ್ಸ್ ವೆಬರ್ 1904-05ರಲ್ಲಿ ಬಂಡವಾಳಶಾಹಿಗೂ ಪ್ರಾಟೆಸ್ಟೆಂಟ್ ಶ್ರದ್ಧೆಗೂ ನಂಟು ತೋರಿಸಿದ ಮೇಲೆ ಇಂಥ ಮಾತಿಗೆ ವಿದ್ವತ್ತಿನ ಮುದ್ರೆಯೂ ಬಿತ್ತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಇದನ್ನು ಅಳೆದೇ ನೋಡಲು ಹೊರಟರು. ಅವರು ಆರಿಸಿಕೊಂಡ ಅಳತೆಗೋಲು ಕಥೆ! ಒಂದು ಚಿತ್ರ ತೋರಿಸಿ, ಕೆಲವೇ ನಿಮಿಷಗಳಲ್ಲಿ ಅದಕ್ಕೊಂದು ಕಥೆ ಬರೆಯಲು ಹೇಳುವುದು. ಮೇಜಿನ ಮುಂದೆ ಕುಳಿತವನು ಮನೆಯವರ ನೆನಪಿನಲ್ಲಿದ್ದಾನೆಂದು ಒಬ್ಬರು ಬರೆದರೆ, ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುವ ದಾರಿ ಹುಡುಕುತ್ತಿದ್ದಾನೆಂದು ಮತ್ತೊಬ್ಬರು ಬರೆಯುತ್ತಾರೆ. ಎರಡನೆಯ ಬಗೆಯ ಕಥೆಗೆ 'ಸಾಧನೆಯ ಹಂಬಲ'ದ ಅಂಕ. 1961ರ ತಮ್ಮ ಗ್ರಂಥದಲ್ಲಿ ಅವರು ಹಲವು ದೇಶಗಳ ಮಕ್ಕಳ ಪಠ್ಯಗಳ ಕಥೆಗಳನ್ನೂ ಹೀಗೆಯೇ ತೂಗಿದರು. ರಿಂಗ್ ಎಸೆಯುವ ಆಟದಲ್ಲಿ ಇನ್ನೊಂದು ಸಂಗತಿ ಹೊಳೆಯಿತು: ಈ ಹಂಬಲವುಳ್ಳವರು ಗೂಟದ ಪಕ್ಕದಲ್ಲೂ ನಿಲ್ಲುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ, ಶ್ರಮಪಟ್ಟರೆ ಗೆಲ್ಲಬಹುದಾದಷ್ಟು ದೂರ ನಿಲ್ಲುತ್ತಾರೆ. ಅಂದರೆ ಉದ್ಯಮಿ ಜೂಜುಗಾರನಲ್ಲ.

ನಿಜವಾದ ಪರೀಕ್ಷೆ ನಡೆದದ್ದು ನಮ್ಮ ನೆರೆಯ ಆಂಧ್ರದಲ್ಲಿ. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳನ್ನೂ ಸಣ್ಣ ಉದ್ಯಮಿಗಳನ್ನೂ ಕರೆದು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಈ ಹಂಬಲವನ್ನೇ ಕಲಿಸಲಾಯಿತು. ಮುಂದೆ ಅವರು ತರಬೇತಿ ಪಡೆಯದವರಿಗಿಂತ ಚುರುಕಾಗಿ ವ್ಯವಹಾರ ವಿಸ್ತರಿಸಿದ್ದು ಕಂಡುಬಂತು. ಸಾಂಪ್ರದಾಯಿಕ ನಂಬಿಕೆಗಳು ಇದಕ್ಕೆ ಅಡ್ಡಿಯಾಗಿರಲಿಲ್ಲ. ದೇವರನ್ನಾಗಲಿ, ಹಿರಿಯರ ನಡೆನುಡಿಯನ್ನಾಗಲಿ ಬಿಟ್ಟು ಬರಬೇಕಾದ ಅಗತ್ಯವೇ ಇರಲಿಲ್ಲ.

ಇನ್ನೊಂದು ಫಲಿತಾಂಶ ಇದಕ್ಕಿಂತ ಮುಖ್ಯ. ತಮ್ಮ ಉದ್ಯಮದಲ್ಲಿ ನಿರ್ಧಾರದ ಅಧಿಕಾರ ಕೈಯಲ್ಲಿದ್ದವರಲ್ಲೇ ತರಬೇತಿ ಹೆಚ್ಚು ಫಲಿಸಿತ್ತು. ಮನಸ್ಸಿದ್ದರೆ ಸಾಲದು, ಕೈಗೂ ಏನಾದರೂ ಎಟುಕಬೇಕು. 2006ರ ಸಾಚಾರ್ ವರದಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಮುಸ್ಲಿಮರಲ್ಲಿ ಸ್ವಂತ ಉದ್ಯೋಗ ನೆಚ್ಚಿದವರ ಪ್ರಮಾಣ ಇತರರಿಗಿಂತ ಹೆಚ್ಚು, ಬ್ಯಾಂಕ್ ಸಾಲದಲ್ಲಿ ಅವರಿಗೆ ಸಿಕ್ಕ ಪಾಲು ಮಾತ್ರ ಕಡಿಮೆ ಎಂದಿತು ಆ ವರದಿ. ಅಲ್ಲಿ ಕೊರತೆಯಿದ್ದದ್ದು ದುಡಿಯುವ ಮನಸ್ಸಿಗೋ, ಬಂಡವಾಳಕ್ಕೋ? ಗತ್ಯಂತರವಿಲ್ಲದೆ ಗಾಡಿ ತಳ್ಳುವವರನ್ನೂ, ಅವಕಾಶ ಅರಸಿ ಅಂಗಡಿ ತೆರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಈ ಎರಡನ್ನೂ ಜೊತೆಗಿಟ್ಟಿತು. ಧರ್ಮಸ್ಥಳ ಕ್ಷೇತ್ರದ ಜೊತೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಕಟ್ಟಿದ ಸಂಸ್ಥೆ ಅದು. ನಿರುದ್ಯೋಗಿ ಯುವಕರಿಗೆ ಅಲ್ಲಿ ಕಸುಬಿನೊಂದಿಗೆ ಆತ್ಮವಿಶ್ವಾಸದ ಪಾಠ. ತರಬೇತಿ ಮುಗಿದ ಮೇಲೆ ಬ್ಯಾಂಕ್ ಸಾಲದ ದಾರಿ. ಮುಂದೆ ಇದೇ ಮಾದರಿ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿತು.

ಹಂಬಲವನ್ನು ಅಳೆಯುವ ವಿದ್ಯೆ ನಮಗೆ ದಕ್ಕಿ ಆರು ದಶಕ ದಾಟಿತು. ಯಾವುದೇ ಸಮುದಾಯವನ್ನು ಸೋಮಾರಿ ಎನ್ನುವ ಮುನ್ನ ಅದಕ್ಕೆ ತೆರೆದಿರುವ ಬಾಗಿಲುಗಳನ್ನೂ ಎಣಿಸಿ ನೋಡುವುದು ನ್ಯಾಯ.