ಉಕ್ಕಿನ ಹದ

'ಕಬ್ಬಿಣ ಕಾದಾಗಲೇ ಬಡಿ' ಎನ್ನುತ್ತದೆ ನಮ್ಮ ಗಾದೆ. ಎಷ್ಟು ಕಾದಾಗ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಮ್ಮಾರನ ಕಣ್ಣಿಗೇ ಬಿಟ್ಟಿದೆ. ಕತ್ತಿಯ ಗುಣವೆಲ್ಲ ಅಡಗಿರುವುದು ಈ 'ಎಷ್ಟು' ಎಂಬುದರಲ್ಲೇ. ಇನ್ನೂರು ವರ್ಷಕ್ಕೂ ಹಿಂದಿನ ಒಂದು ಸಣ್ಣ ಚಾಕುವಿನ ಕತೆ ಇದಕ್ಕೆ ಸಾಕ್ಷಿ.

ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಇಂಗ್ಲಿಷರು ಅದನ್ನು 'ವೂಟ್ಸ್' ಎಂದು ಬರೆದರು. ಇದು ನಮ್ಮ 'ಉಕ್ಕು' ಶಬ್ದವೇ ಎಂಬುದು ಅನೇಕ ವಿದ್ವಾಂಸರ ಮತ. ಬ್ಯಾಂಕ್ಸ್ ಅದರಿಂದ ಒಂದು ಪೆನ್‌ನೈಫ್ ಮಾಡುವಂತೆ ಸ್ಟೊಡಾರ್ಟ್ ಎಂಬ ಚಾಕು ತಯಾರಕನಿಗೆ ಹೇಳಿದ. ಆಗ ಬರೆಯುತ್ತಿದ್ದುದು ಹಕ್ಕಿಯ ಗರಿಯಿಂದ. ಅದರ ತುದಿಯನ್ನು ಕೆತ್ತುವ ಚಾಕುವೇ ಪೆನ್‌ನೈಫ್.

ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದವಾಗಿ ಕೆಂಪೇರಿಸಿ ಸ್ಟೊಡಾರ್ಟ್ ಆ ಉಕ್ಕನ್ನು ಬಡಿದನೆಂದು ಜಾರ್ಜ್ ಪಿಯರ್ಸನ್ನನ 1795ರ ವರದಿ ಹೇಳುತ್ತದೆ. ಬಹಳ ಶ್ರಮವಾಯಿತು. ಆದರೂ, ಎಷ್ಟೋ ಕೆಲಸಗಳಿಗೆ ತನ್ನ ದೇಶದ ಉಕ್ಕಿಗಿಂತ ಇದೇ ಮೇಲೆಂದು ಅವನಿಗೆ ಅನ್ನಿಸಿತು. ಈ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಸುಮಾರು ಶೇಕಡಾ ಒಂದೂವರೆ. ಬೆಳ್ಳಗೆ ಕಾಯಿಸಿ ಬಡಿದರೆ ಸುತ್ತಿಗೆಯಡಿ ಪುಡಿಯಾಗುತ್ತದೆ.

ಬಡಿದ ಮೇಲೂ ಕೆಲಸ ಉಳಿದಿರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಸಿಡಿದೂ ಹೋಗುತ್ತದೆ. ಅದಕ್ಕಾಗಿ ಮತ್ತೆ ಮೆಲ್ಲಗೆ ಬಿಸಿಮಾಡಬೇಕು. ಉಜ್ಜಿದ ಮೈಮೇಲೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಹಳದಿ ಬಣ್ಣ, ಮುಂದೆ ಕಂದು, 300ರ ಹತ್ತಿರ ನೀಲಿ ಬರುತ್ತದೆ. ಪೆನ್‌ನೈಫನ್ನು ಹಳದಿಯ ಹದಕ್ಕೇ ನಿಲ್ಲಿಸಬೇಕು. ಮಡಚುವ ಚಾಕುವಿನ ಬೆನ್ನಿನ ಸ್ಪ್ರಿಂಗಿಗಾದರೆ ನೀಲಿಯ ಹದ ಬೇಕು. ಅಂಗೈಯಗಲದ ಒಂದೇ ವಸ್ತುವಿನಲ್ಲಿ ಎರಡು ಹದ! ಈಗ ಗಡಸುತನವನ್ನು ರಾಕ್‌ವೆಲ್ ಅಂಕಿಯಲ್ಲಿ ಅಳೆಯುತ್ತಾರೆ. ಒಳ್ಳೆಯ ಜೇಬುಚಾಕು ಸಾಮಾನ್ಯವಾಗಿ 55ರಿಂದ 60ರೊಳಗೆ. ಆದರೆ ಅತಿಯಾಗಿ ಕಾದು ಒಳಗಿನ ಕಾಳು ದಪ್ಪವಾದ ಉಕ್ಕೂ ಅದೇ ಅಂಕಿ ತೋರಿಸಬಲ್ಲದು, ಬಳಸುವಾಗ ಅಂಚು ಉದುರುತ್ತದೆ. ಮಕ್ಕಳ ಅಂಕಪಟ್ಟಿಗಳನ್ನು ಮೂವತ್ತು ವರ್ಷ ಬರೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಉಕ್ಕು ಹುಟ್ಟುತ್ತಿದ್ದುದು ಹೇಗೆ? 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಒಂದೆರಡು ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿಯೂದಿ ಕಾಯಿಸುತ್ತಿದ್ದರು. ಆ ಕಡ್ಡಿ, ಎಲೆಗಳ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಮುಂದೆ ಮೈಕೆಲ್ ಫ್ಯಾರಡೆಯೂ 1819ರಲ್ಲಿ ವೂಟ್ಸನ್ನು ಪರೀಕ್ಷಿಸಿದ. ಸ್ಟೊಡಾರ್ಟ್ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ 1820 ಮತ್ತು 1822ರಲ್ಲಿ ಪ್ರಬಂಧ ಪ್ರಕಟಿಸಿದ.

ಕಳುಹಿಸಿದವನು, ಬಡಿದವನು, ಪರೀಕ್ಷಿಸಿದವನು, ಎಲ್ಲರ ಹೆಸರೂ ನಮಗೆ ಗೊತ್ತು. ಲಂಡನ್ನಿಗೆ ಹೋದ ಆ ಗಟ್ಟಿಗಳನ್ನು ಕರಗಿಸಿದ ಕೈಗಳ ಹೆಸರು ಮಾತ್ರ ನಮ್ಮವರೆಗೆ ಬರಲಿಲ್ಲ. ತರಗತಿಯಲ್ಲಿ ಫ್ಯಾರಡೆಯ ಹೆಸರು ಬಂದಾಗ ನಾನು ತಂಗಡಿಯ ಮಾತನ್ನೂ ಸೇರಿಸುತ್ತೇನೆ. ಶಾಲೆಯ ಬೇಲಿಯಾಚೆ ಹಳದಿ ಹೂ ಬಿಟ್ಟು ನಿಂತಿರುವುದು ಅದೇ ಗಿಡ.