ಸಾರ್ವಜನಿಕ ಭೂಮಿಯಲ್ಲಿ ಹೆದ್ದಾರಿಯೇತರ ವಾಹನ ಚಾಲನೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಹೆದ್ದಾರಿಯೇತರ ವಾಹನ ಎಂದರೆ ಡಾಂಬರು ರಸ್ತೆಯ ಸಂಚಾರಕ್ಕಲ್ಲದೆ ಮಣ್ಣುದಾರಿ, ಮರಳುದಿಬ್ಬ, ಕಾಡುಹಾದಿ, ಬಂಡೆನೆಲ ಮೊದಲಾದ ಕಡೆ ಓಡಿಸಲೆಂದು ತಯಾರಿಸಿದ ಅಥವಾ ಹಾಗೆ ಬಳಸುವ ಮೋಟಾರು ವಾಹನ. ಡರ್ಟ್ ಬೈಕ್, ನಾಲ್ಕು ದಪ್ಪ ಚಕ್ರಗಳ ಎಟಿವಿ, ಅಕ್ಕಪಕ್ಕದ ಆಸನಗಳುಳ್ಳ ಯುಟಿವಿ, ಮರಳು ಬಗ್ಗಿ, ಹಿಮದ ಮೇಲೆ ಜಾರುವ ಸ್ನೋಮೊಬೈಲ್ ಮತ್ತು ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಜೀಪು ಈ ವರ್ಗಕ್ಕೆ ಸೇರುತ್ತವೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಇವುಗಳ ಚಾಲನೆ ಬಹುಜನಪ್ರಿಯವಾದ ವಿರಾಮಕ್ರೀಡೆ. ಅದು ನಡೆಯುವುದು ಬಹುಪಾಲು ಸರ್ಕಾರಿ ಭೂಮಿಯಲ್ಲಾದ ಕಾರಣ, ಯಾವ ವಾಹನ ಎಲ್ಲಿ, ಯಾವಾಗ, ಹೇಗೆ ಓಡಬೇಕೆಂಬುದಕ್ಕೆ ವಿಸ್ತಾರವಾದ ಕಾನೂನುಗಳೂ, ಕಾನೂನಿನಲ್ಲಿ ಬರೆಯದೆ ಸವಾರರು ತಾವೇ ಪಾಲಿಸಿಕೊಂಡು ಬಂದ ಶಿಷ್ಟಾಚಾರಗಳೂ ಇವೆ.

ಸಾರ್ವಜನಿಕ ಭೂಮಿಯ ಸ್ವರೂಪ

ಇಲ್ಲಿ ಸಾರ್ವಜನಿಕ ಭೂಮಿ ಎಂದರೆ ಮುಖ್ಯವಾಗಿ ಒಕ್ಕೂಟ ಸರ್ಕಾರದ ಒಡೆತನದ ನೆಲ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಭೂನಿರ್ವಹಣಾ ಇಲಾಖೆಯ ಅಧೀನದಲ್ಲಿ ಸುಮಾರು 24.5 ಕೋಟಿ ಎಕರೆ, ಅರಣ್ಯ ಸೇವೆಯ ಅಧೀನದಲ್ಲಿ ಸುಮಾರು 19.3 ಕೋಟಿ ಎಕರೆ ಭೂಮಿ ಇದೆ. ನೆವಾಡ ರಾಜ್ಯದ ಶೇಕಡ 80ರಷ್ಟು ನೆಲ ಒಕ್ಕೂಟ ಸರ್ಕಾರದ್ದೇ. ಕನ್ನಡದ ಓದುಗರು ಇದನ್ನು ನಮ್ಮ ಹಳ್ಳಿಗಳ ಗೋಮಾಳಕ್ಕೆ ಹೋಲಿಸಿಕೊಳ್ಳಬಹುದಾದರೂ ಹೋಲಿಕೆ ಅರ್ಧದಾರಿಯವರೆಗೆ ಮಾತ್ರ ಸಲ್ಲುತ್ತದೆ. ಗೋಮಾಳ ಊರ ದನಗಳ ಮೇವಿಗಾಗಿ ಬಿಟ್ಟ ನೆಲ. ಅಮೆರಿಕದ ಈ ಭೂಮಿಯಲ್ಲಿ ದನ ಮೇಯಿಸುವವರು, ಗಣಿಗಾರರು, ಬೇಟೆಗಾರರು, ಚಾರಣಿಗರು, ಕುದುರೆ ಸವಾರರು, ಮೋಟಾರು ಸವಾರರು ಎಲ್ಲರೂ ಹಕ್ಕುದಾರರು. ಶಿಷ್ಟಾಚಾರದ ಬಹುಪಾಲು ನಿಯಮಗಳು ಹುಟ್ಟಿರುವುದು ಈ ಹಂಚಿಕೆಯ ಇಕ್ಕಟ್ಟಿನಿಂದಲೇ.

ರಾಷ್ಟ್ರೀಯ ಉದ್ಯಾನಗಳ ವ್ಯವಸ್ಥೆ ಬೇರೆ. ಅಲ್ಲಿ ವಾಹನಗಳು ಸಾಮಾನ್ಯವಾಗಿ ರಸ್ತೆ ಬಿಟ್ಟು ಇಳಿಯುವಂತಿಲ್ಲ. 1964ರ ವನ್ಯಪ್ರದೇಶ ಕಾಯ್ದೆಯಡಿ ಘೋಷಿತವಾದ ಪ್ರದೇಶಗಳಲ್ಲಿ ಮೋಟಾರು ವಾಹನ ಸಂಚಾರಕ್ಕೆ ನಿಷೇಧವಿದೆ.

ಕಾನೂನಿನ ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಸೇನೆಯ ಹಳೆಯ ಜೀಪುಗಳು ನಾಗರಿಕರ ಕೈಸೇರಿದವು. 1960ರ ದಶಕದಲ್ಲಿ ಹಗುರವಾದ ಮೋಟಾರ್‌ಸೈಕಲ್ಲುಗಳು ಬಂದವು. 1970ರಲ್ಲಿ ಹೋಂಡಾ ಸಂಸ್ಥೆ ಮೂರು ಚಕ್ರದ ಎಟಿವಿಯನ್ನು ಮಾರುಕಟ್ಟೆಗೆ ತಂದಿತು. ಅದುವರೆಗೆ ಮರುಭೂಮಿಯನ್ನು ಯಾರು ಎಲ್ಲಿ ಬೇಕಾದರೂ ದಾಟಬಹುದಾಗಿತ್ತು. ಸವಾರರ ಸಂಖ್ಯೆ ಬೆಳೆದಂತೆ ನೆಲ ಹಾಳಾಗುವುದೂ ಎದ್ದುಕಂಡಿತು. ಕ್ಯಾಲಿಫೋರ್ನಿಯ 1971ರಲ್ಲಿಯೇ ಚಾಪಿ–ಝಡ್‌ಬರ್ಗ್ ಕಾಯ್ದೆಯನ್ನು ತಂದು ವಾಹನಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು.

ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಫೆಬ್ರವರಿ 8ರಂದು ಹೊರಡಿಸಿದ 11644ನೆಯ ಕಾರ್ಯಾದೇಶವು ಇಂದಿನ ಇಡೀ ವ್ಯವಸ್ಥೆಯ ತಳಹದಿ. ಒಕ್ಕೂಟದ ಭೂಮಿಯಲ್ಲಿ ವಾಹನಕ್ಕೆ ತೆರೆದ ಹಾಗೂ ಮುಚ್ಚಿದ ಪ್ರದೇಶಗಳನ್ನು ಇಲಾಖೆಗಳು ಗುರುತಿಸಬೇಕು. ಹಾಗೆ ಗುರುತಿಸುವಾಗ ಮಣ್ಣು, ಜಲಾನಯನ, ಸಸ್ಯ ಮತ್ತು ವನ್ಯಜೀವಿಗಳಿಗೆ ಆಗುವ ಹಾನಿಯನ್ನೂ ಇತರ ಬಳಕೆದಾರರೊಡನೆ ಆಗುವ ಘರ್ಷಣೆಯನ್ನೂ ಕನಿಷ್ಠಗೊಳಿಸಬೇಕು ಎಂದು ಅದು ವಿಧಿಸಿತು. ಗಮನಿಸಬೇಕಾದ ಮಾತು ‘ಕನಿಷ್ಠ’ ಎಂಬುದು. ಹಾನಿಯೇ ಇರಬಾರದೆಂದು ಆದೇಶ ಹೇಳಲಿಲ್ಲ. ಎಷ್ಟು ಹಾನಿ ಕನಿಷ್ಠ ಎಂಬ ವಾದ ಅರ್ಧ ಶತಮಾನ ಕಳೆದರೂ ನ್ಯಾಯಾಲಯಗಳಲ್ಲಿ ಮುಗಿದಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರಲ್ಲಿ 11989ನೆಯ ಆದೇಶದ ಮೂಲಕ ಇದಕ್ಕೆ ಹಲ್ಲು ಕೊಟ್ಟರು: ಗಣನೀಯ ಹಾನಿ ಕಂಡುಬಂದರೆ ಅಧಿಕಾರಿ ಆ ಪ್ರದೇಶವನ್ನು ಕೂಡಲೇ ಮುಚ್ಚಬೇಕು.

2003ರಲ್ಲಿ ಅರಣ್ಯ ಸೇವೆಯ ಅಂದಿನ ಮುಖ್ಯಸ್ಥ ಡೇಲ್ ಬಾಸ್‌ವರ್ತ್ ಅವರು ಕಾಡಿನ ನಾಲ್ಕು ದೊಡ್ಡ ಗಂಡಾಂತರಗಳನ್ನು ಹೆಸರಿಸಿದಾಗ, ಕಾಡ್ಗಿಚ್ಚು, ಆಕ್ರಮಣಕಾರಿ ಜೀವಜಾತಿಗಳು ಮತ್ತು ತೆರವು ನೆಲದ ನಷ್ಟದ ಜೊತೆಗೆ ಅಂಕೆಯಿಲ್ಲದ ವಿರಾಮಕ್ರೀಡೆಯೂ ಇತ್ತು. 2005ರ ಸಂಚಾರ ನಿರ್ವಹಣಾ ನಿಯಮ ಇದರ ಫಲ.

ಎಲ್ಲಿ ಓಡಿಸಬಹುದು

ಭೂನಿರ್ವಹಣಾ ಇಲಾಖೆ ತನ್ನ ನೆಲವನ್ನು ತೆರೆದ, ಸೀಮಿತ ಮತ್ತು ಮುಚ್ಚಿದ ಎಂದು ಮೂರಾಗಿ ವಿಂಗಡಿಸಿದೆ. ತೆರೆದ ಪ್ರದೇಶದಲ್ಲಿ ದಾರಿಯ ಹಂಗಿಲ್ಲದೆ ಎಲ್ಲಿ ಬೇಕಾದರೂ ಓಡಿಸಬಹುದು. ಸೀಮಿತ ಪ್ರದೇಶದಲ್ಲಿ ಗೊತ್ತುಪಡಿಸಿದ ಹಾದಿ, ಋತು ಅಥವಾ ವಾಹನದ ಬಗೆಗೆ ಮಾತ್ರ ಅನುಮತಿ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಎದುರಿಗೆ ಚಕ್ರದ ಗುರುತು ಕಂಡರೆ ಅದು ದಾರಿಯೇ ಇರಬೇಕೆಂದು ಭಾವಿಸುತ್ತಾರೆ. ಮೊದಲು ಹೋದವನು ತಪ್ಪಿಹೋಗಿರಬಹುದು. ಎರಡನೆಯವನು ಹೋದಾಗ ಆ ತಪ್ಪು ಹಾದಿಯಾಗುತ್ತದೆ.

ಅರಣ್ಯ ಸೇವೆಯ ನೆಲದಲ್ಲಿ ನಿಯಮ ಇನ್ನೂ ಬಿಗಿ. ಪ್ರತಿ ಅರಣ್ಯಕ್ಕೂ ಮೋಟಾರು ವಾಹನ ಬಳಕೆಯ ನಕ್ಷೆಯೊಂದನ್ನು ಉಚಿತವಾಗಿ ಪ್ರಕಟಿಸಲಾಗುತ್ತದೆ. ನಕ್ಷೆಯಲ್ಲಿ ತೋರಿಸದ ಹಾದಿ, ಅಲ್ಲಿ ನಿಷೇಧ ಫಲಕ ಇರಲಿ ಬಿಡಲಿ, ಮುಚ್ಚಿದ ಹಾದಿಯೇ. ಫಲಕ ಇರಲಿಲ್ಲವೆಂಬ ಸಮಜಾಯಿಷಿ ನಡೆಯುವುದಿಲ್ಲ. ಉಲ್ಲಂಘನೆಗೆ ದಂಡ ಹಾಗೂ 6 ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ವಾಹನ ಮತ್ತು ಸವಾರರ ಅರ್ಹತೆ

ಈ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯದ ಉದಾಹರಣೆ ನೋಡಬಹುದು. ಹೆದ್ದಾರಿಯ ನೋಂದಣಿ ಇಲ್ಲದ ವಾಹನಕ್ಕೆ ಜನರು ‘ಹಸಿರು ಸ್ಟಿಕರ್’ ಎಂದು ಕರೆಯುವ ಗುರುತುಚೀಟಿ ಬೇಕು. 1986ರಿಂದ ಈಚೆಗೆ ತಯಾರಾದ ವಾಹನದ ಸದ್ದು 20 ಅಂಗುಲ ದೂರದ ಅಳತೆಯಲ್ಲಿ 96 ಡೆಸಿಬೆಲ್ ಮೀರಬಾರದು. ಎಟಿವಿ ಸವಾರರಿಗೆ ಹೆಲ್ಮೆಟ್ ಕಡ್ಡಾಯ. 18 ವರ್ಷದೊಳಗಿನವರು ಸುರಕ್ಷಾ ತರಬೇತಿ ಪಡೆದಿರಬೇಕು ಅಥವಾ ವಯಸ್ಕರ ನೇರ ಮೇಲ್ವಿಚಾರಣೆಯಲ್ಲಿರಬೇಕು. ಒಬ್ಬರಿಗೆಂದು ತಯಾರಾದ ಎಟಿವಿಯಲ್ಲಿ ಹಿಂಬದಿ ಸವಾರರನ್ನು ಕೂರಿಸುವಂತಿಲ್ಲ. ಆಸನ ಉದ್ದವಾಗಿರುವುದು ಇಬ್ಬರು ಕೂರಲೆಂದಲ್ಲ, ಚಾಲಕನು ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿದು ಭಾರ ಸರಿದೂಗಿಸಿಕೊಳ್ಳಲೆಂದು. ಇದನ್ನು ಅರಿಯದೆ ಮಕ್ಕಳನ್ನು ಹಿಂದೆ ಕೂರಿಸಿಕೊಳ್ಳುವುದು ವಾಹನ ಮಗುಚಲು ಕಾರಣವಾಗುತ್ತದೆ. ಮೂರು ಚಕ್ರದ ಎಟಿವಿಗಳು ಸುಲಭವಾಗಿ ಉರುಳುತ್ತಿದ್ದುದರಿಂದ 1988ರಲ್ಲಿ ತಯಾರಕರು ಸರ್ಕಾರದೊಡನೆ ಒಪ್ಪಂದಕ್ಕೆ ಬಂದು ಅವುಗಳ ಮಾರಾಟವನ್ನು ನಿಲ್ಲಿಸಿದರು.

ಹೊಗೆಕೊಳವೆಯಲ್ಲಿ ಕಿಡಿತಡೆ ಇರಬೇಕೆಂಬ ನಿಯಮ ಸಣ್ಣದಾಗಿ ಕಂಡರೂ ಅತಿ ಮುಖ್ಯವಾದುದು. ಕೊಳವೆಯಿಂದ ಹಾರುವ ಕೆಂಡದಂಥ ಇಂಗಾಲದ ಕಣವೊಂದು ಒಣಹುಲ್ಲಿಗೆ ಬಿದ್ದರೆ ಸಾಕು. ಬಿಸಿಯಾದ ಯಂತ್ರವನ್ನು ಎತ್ತರದ ಒಣಹುಲ್ಲಿನ ಮೇಲೆ ನಿಲ್ಲಿಸಬಾರದೆಂಬ ರೂಢಿಯೂ ಇದೇ ಕಾರಣದ್ದು.

ಹಾದಿಯ ಶಿಷ್ಟಾಚಾರ

ಕಿರಿದಾದ ಹಾದಿಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಮೊದಲ ಪ್ರಶ್ನೆ. ಮೋಟಾರು ಸವಾರನು ಸೈಕಲ್ಲಿಗೂ ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ಎರಡು ಮೋಟಾರು ವಾಹನಗಳು ಇಳಿಜಾರಿನಲ್ಲಿ ಎದುರಾದರೆ ಇಳಿಯುವವನು ನಿಂತು ಏರುವವನಿಗೆ ಅವಕಾಶ ಕೊಡುವುದು ವಾಡಿಕೆ. ಏರುವವನು ಒಮ್ಮೆ ನಿಂತರೆ ಮತ್ತೆ ವೇಗ ಪಡೆಯುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಉಂಟು. ಕಡಿದಾದ ಏರನ್ನು ಒಂದು ಬಾರಿಗೆ ಒಬ್ಬರೇ ಹತ್ತಬೇಕು. ಮೇಲಿನವನು ತುದಿ ಮುಟ್ಟಿ ಪಕ್ಕಕ್ಕೆ ಸರಿಯುವವರೆಗೆ ಉಳಿದವರು ಕೆಳಗೆ ಕಾಯಬೇಕು.

ಕುದುರೆ ಎದುರಾದಾಗಿನ ನಡವಳಿಕೆ ವಿಶೇಷವಾದುದು. ವಾಹನವನ್ನು ಹಾದಿಯ ಅಂಚಿಗೆ ತಂದು ಯಂತ್ರವನ್ನು ಆರಿಸಬೇಕು, ಹೆಲ್ಮೆಟ್ ತೆಗೆದು ಸವಾರರೊಡನೆ ಮೆಲುದನಿಯಲ್ಲಿ ಮಾತನಾಡಬೇಕು. ಹೆಲ್ಮೆಟ್ಟಿನ ಮುಖ ಕುದುರೆಗೆ ಮನುಷ್ಯನ ಮುಖವಾಗಿ ಕಾಣದು. ದನಿ ಕೇಳಿದ ಮೇಲೆ ಅದು ಶಾಂತವಾಗುತ್ತದೆ. ಹೇಗೆ ದಾಟಬೇಕೆಂಬ ತೀರ್ಮಾನ ಕುದುರೆ ಸವಾರರದು, ಮೋಟಾರು ಸವಾರನದಲ್ಲ.

ಗುಂಪಾಗಿ ಹೋಗುವಾಗ ಮುಂದಾಳು ಎದುರಿನಿಂದ ಬರುವವರಿಗೆ ತನ್ನ ಹಿಂದೆ ಇನ್ನೆಷ್ಟು ಮಂದಿ ಇದ್ದಾರೆಂಬುದನ್ನು ಬೆರಳೆತ್ತಿ ತೋರಿಸುತ್ತಾನೆ. ಕೊನೆಯವನು ಮುಷ್ಟಿ ಬಿಗಿದು ತೋರಿಸಿದರೆ ಹಿಂದೆ ಯಾರೂ ಇಲ್ಲವೆಂದರ್ಥ. ಕುರುಡು ತಿರುವುಗಳ ಹಾದಿಯಲ್ಲಿ ಈ ಮೂಕಭಾಷೆ ಎಷ್ಟೋ ಡಿಕ್ಕಿಗಳನ್ನು ತಪ್ಪಿಸಬಲ್ಲದು. ಕವಲುದಾರಿ ಬಂದಾಗ ಹಿಂದಿನವನು ಕಣ್ಣಿಗೆ ಬೀಳುವವರೆಗೆ ಮುಂದಿನವನು ನಿಲ್ಲಬೇಕು.

ಶಿಬಿರಗಳ, ಜನರ ಅಥವಾ ಪ್ರಾಣಿಗಳ ಗುಂಪಿನ 50 ಅಡಿಯೊಳಗೆ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್, ಮೀರಬಾರದೆಂಬುದು ಕ್ಯಾಲಿಫೋರ್ನಿಯದ ಕಾನೂನು. ಕಾನೂನಿನಲ್ಲಿ ಇಲ್ಲದ ಕಡೆಯೂ ಇದು ಸಭ್ಯತೆಯೇ, ಏಕೆಂದರೆ ಹಾರಿದ ಧೂಳು ಇನ್ನೊಬ್ಬರ ಅಡುಗೆಯ ಮೇಲೆ ಬೀಳುತ್ತದೆ. ದನದ ಬೇಲಿಯ ಗೇಟು ತೆರೆದಿದ್ದರೆ ತೆರೆದಂತೆಯೇ, ಮುಚ್ಚಿದ್ದರೆ ದಾಟಿದ ಬಳಿಕ ಮುಚ್ಚಿಯೇ ಹೋಗಬೇಕು. ತೆರೆದ ಗೇಟನ್ನು ಒಳ್ಳೆಯದೆಂದು ಮುಚ್ಚಿದರೆ ದನಗಳು ನೀರಿನ ತೊಟ್ಟಿಯಿಂದ ದೂರವಾಗಬಹುದು.

ಮರಳುದಿಬ್ಬಗಳಲ್ಲಿ

ಕ್ಯಾಲಿಫೋರ್ನಿಯದ ಆಗ್ನೇಯ ಮೂಲೆಯ ಇಂಪೀರಿಯಲ್ ಮರಳುದಿಬ್ಬಗಳು ಈ ಕ್ರೀಡೆಯ ಹೆಸರಾಂತ ತಾಣ. ನವೆಂಬರ್ ತಿಂಗಳ ಕೃತಜ್ಞತಾ ದಿನದ ರಜೆಯಲ್ಲಿ ಇಲ್ಲಿ ಭಾರಿ ಜನಸಂದಣಿ ಸೇರುತ್ತದೆ. ದಿಬ್ಬದ ಒಂದು ಮೈ ನಯವಾಗಿ ಏರಿ, ಮತ್ತೊಂದು ಮೈ ಗೋಡೆಯಂತೆ ಇಳಿಯುವುದರಿಂದ ಆಚೆ ಬದಿಯಲ್ಲಿ ಯಾರಿದ್ದಾರೆಂಬುದು ಕಾಣುವುದಿಲ್ಲ. ಆದಕಾರಣ ಪ್ರತಿ ವಾಹನಕ್ಕೂ ನೆಲದಿಂದ ಕನಿಷ್ಠ 8 ಅಡಿ ಎತ್ತರದ ಬಾಗುವ ಕಂಬವೂ ಅದರ ತುದಿಯಲ್ಲಿ 6 ಅಂಗುಲ ಅಗಲ, 12 ಅಂಗುಲ ಉದ್ದದ ಬಾವುಟವೂ ಕಡ್ಡಾಯ. ವಾಹನಕ್ಕಿಂತ ಮೊದಲು ಬಾವುಟ ಕಾಣಲಿ ಎಂಬುದು ಉದ್ದೇಶ. ನೆತ್ತಿಯನ್ನು ನೇರವಾಗಿ ಹಾರಿ ದಾಟದೆ, ಓರೆಯಾಗಿ ಏರಿ ಆಚೆ ನೋಡಿ ಮುಂದುವರಿಯುವುದು ಅನುಭವಿಗಳ ಪದ್ಧತಿ. ಒಡೆದ ಗಾಜು ಮರಳಿನಲ್ಲಿ ಹುದುಗಿಹೋಗುವುದರಿಂದ ಗಾಜಿನ ಪಾನೀಯ ಬಾಟಲಿಗಳಿಗೂ ನಿಷೇಧವಿದೆ.

ನೆಲ ಮತ್ತು ಜೀವಿಗಳು

ಮರುಭೂಮಿ ಬರಡಾಗಿ ಕಾಣುವುದರಿಂದ ಅಲ್ಲಿ ಹಾಳಾಗುವುದೇನಿದೆ ಎಂಬ ಭ್ರಮೆ ಸಹಜ. ಅಮೆರಿಕದ ಸೇನೆ 1942ರಲ್ಲಿ ಜನರಲ್ ಪ್ಯಾಟನ್ ನೇತೃತ್ವದಲ್ಲಿ ಮೊಹಾವಿ ಮರುಭೂಮಿಯಲ್ಲಿ ತರಬೇತಿ ನಡೆಸಿದಾಗ ಟ್ಯಾಂಕುಗಳು ಮೂಡಿಸಿದ ಪಟ್ಟೆಗಳು ಇಂದಿಗೂ ಕೆಲವೆಡೆ ಕಾಣುತ್ತವೆ. ಮಳೆ ಕಡಿಮೆಯಿರುವ ನೆಲ ಬೇಗ ಮಾಯುವುದಿಲ್ಲ.

ಯೂಟ ರಾಜ್ಯದ ಮೋಆಬ್ ಸುತ್ತಮುತ್ತ ಮಣ್ಣಿನ ಮೇಲೆ ಕಪ್ಪಗೆ, ಒರಟಾಗಿ ಕಾಣುವ ಜೀವಂತ ಪದರವೊಂದಿದೆ. ನೀಲಿಹಸಿರು ಸೂಕ್ಷ್ಮಜೀವಿಗಳು, ಕಲ್ಲುಹೂ ಮತ್ತು ಹಾವಸೆ ಕೂಡಿ ಹೆಣೆದ ಈ ಪದರ ಮಣ್ಣನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟು ಸಾರಜನಕವನ್ನು ಒದಗಿಸುತ್ತದೆ. ಒಂದು ಚಕ್ರ ಉರುಳಿದರೆ ಪುಡಿಯಾಗುತ್ತದೆ. ಪೂರ್ಣವಾಗಿ ಬೆಳೆಯಲು ದಶಕಗಳೇ ಬೇಕು. ಹಾದಿಯ ಅಂಚು ದಾಟಬಾರದೆಂಬ ನಿಯಮಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಹಾದಿಯಲ್ಲಿ ನೀರು ನಿಂತಿದ್ದರೆ ಪಕ್ಕದಿಂದ ಬಳಸದೆ ನಡುವಿನಿಂದಲೇ ನಿಧಾನವಾಗಿ ಸಾಗಬೇಕು. ಬಳಸಿದಷ್ಟೂ ಹಾದಿ ಅಗಲವಾಗುತ್ತದೆ. ತೊರೆಯನ್ನು ಗೊತ್ತುಪಡಿಸಿದ ಕಡೆ ಮಾತ್ರ ನೇರವಾಗಿ ಅಡ್ಡ ದಾಟಬೇಕು. ಮಳೆ ಬಿದ್ದು ಹಾದಿ ಕೆಸರಾಗಿದ್ದರೆ ಹಿಂತಿರುಗುವುದೇ ಮೇಲು.

ಮೊಹಾವಿಯ ಮರುಭೂಮಿ ಆಮೆಯನ್ನು 1990ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಬಿಸಿಲಿನ ವೇಳೆ ಅದು ನಿಂತ ವಾಹನದ ನೆರಳನ್ನು ಹುಡುಕಿ ಬರುತ್ತದೆ. ಆದ್ದರಿಂದ ಹೊರಡುವ ಮುನ್ನ ಬಗ್ಗಿ ಚಕ್ರಗಳ ಕೆಳಗೆ ನೋಡುವುದು ಅಲ್ಲಿನ ಕಡ್ಡಾಯ ಎಚ್ಚರ. ಕರುಣೆಯಿಂದ ಎತ್ತಿ ಪಕ್ಕಕ್ಕಿಡಲೂ ಬಾರದು: ಗಾಬರಿಗೊಂಡ ಆಮೆ ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ನೀರನ್ನು ಚೆಲ್ಲಿ, ಬಾಯಾರಿ ಸಾಯಬಹುದು.

ಕೊಲರಾಡೋ ನದಿಯ ಬಳಿ ಬ್ಲೈತ್ ಎಂಬಲ್ಲಿ ಮೂಲನಿವಾಸಿಗಳು ನೆಲವನ್ನು ಕೆರೆದು ರಚಿಸಿದ ಬೃಹತ್ ಮಾನವಾಕೃತಿಗಳ ಮೇಲೂ ಚಕ್ರಗಳು ಹಾಯ್ದಿವೆ. ನೆಲಮಟ್ಟದಲ್ಲಿ ನಿಂತವರಿಗೆ ಆಕೃತಿ ಸುಲಭವಾಗಿ ತಿಳಿಯುವುದಿಲ್ಲ. ಈಗ ಸುತ್ತ ಬೇಲಿ ಹಾಕಲಾಗಿದೆ.

ಅರಣ್ಯ ಸೇವೆ 1985ರಲ್ಲಿ ಆರಂಭಿಸಿದ, ‘ಹಗುರವಾಗಿ ಹೆಜ್ಜೆಯಿಡಿ’ ಎಂಬರ್ಥದ ಟ್ರೆಡ್ ಲೈಟ್ಲಿ ಎಂಬ ಪ್ರಚಾರಕಾರ್ಯ 1990ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಸವಾರರಿಗೆ ಈ ತಿಳಿವಳಿಕೆಗಳನ್ನು ಕಲಿಸುವ ಕೆಲಸ ಮಾಡುತ್ತಿದೆ.

ಪಂದ್ಯಗಳು ಮತ್ತು ದುರಂತ

ಸಾರ್ವಜನಿಕ ಭೂಮಿಯಲ್ಲಿ ಪಂದ್ಯ ನಡೆಸಲು ವಿಶೇಷ ಪರವಾನಗಿ ಬೇಕು. 1967ರಲ್ಲಿ ಆರಂಭವಾದ ಬಾರ್ಸ್ಟೋ–ವೇಗಾಸ್ ಮೋಟಾರ್‌ಸೈಕಲ್ ಪಂದ್ಯದಲ್ಲಿ ಸಾವಿರಾರು ಸವಾರರು ಒಮ್ಮೆಲೇ ಮರುಭೂಮಿಗೆ ನುಗ್ಗುತ್ತಿದ್ದರು. 1974ರ ಪಂದ್ಯದ ಹಾನಿಯ ಬಳಿಕ ಇಲಾಖೆ ಪರವಾನಗಿ ನಿರಾಕರಿಸಿತು. 1983ರಲ್ಲಿ ಮರಳಿ ಶುರುವಾದ ಪಂದ್ಯ 1989ರ ನಂತರ ನಡೆಯಲಿಲ್ಲ.

2010ರ ಆಗಸ್ಟ್ 14ರಂದು ಜಾನ್ಸನ್ ಕಣಿವೆಯಲ್ಲಿ ನಡೆದ ಕ್ಯಾಲಿಫೋರ್ನಿಯ 200 ಪಂದ್ಯದಲ್ಲಿ ದಿಣ್ಣೆ ಹಾರಿದ ಟ್ರಕ್ಕೊಂದು ಉರುಳಿ ಪ್ರೇಕ್ಷಕರ ಮೇಲೆ ಬಿದ್ದು 8 ಮಂದಿ ಸತ್ತರು. ಓಟದ ಪಥಕ್ಕೂ ಜನರಿಗೂ ನಡುವೆ ತಡೆಯಿರಲಿಲ್ಲ; ಎಷ್ಟೋ ಮಂದಿ ಕೆಲವೇ ಅಡಿಗಳ ಅಂತರದಲ್ಲಿ ನಿಂತಿದ್ದರು. ಪರವಾನಗಿ ನೀಡಿಕೆ ಮತ್ತು ಉಸ್ತುವಾರಿಯಲ್ಲಿ ತನ್ನದೇ ನಿಯಮಗಳನ್ನು ಪಾಲಿಸಿರಲಿಲ್ಲವೆಂದು ಭೂನಿರ್ವಹಣಾ ಇಲಾಖೆಯ ಪರಿಶೀಲನೆಯೇ ಒಪ್ಪಿಕೊಂಡಿತು.

ವಿವಾದಗಳು

ಯೂಟದಲ್ಲಿ ವನ್ಯಪ್ರದೇಶವಾಗಿ ಪರಿಗಣನೆಯಲ್ಲಿದ್ದ ನೆಲವನ್ನು ವಾಹನಗಳಿಂದ ಕಾಪಾಡಲು ಇಲಾಖೆ ಏನೂ ಮಾಡುತ್ತಿಲ್ಲವೆಂದು ಪರಿಸರ ಸಂಘಟನೆಯೊಂದು ಹೂಡಿದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕಾನೂನು ನಿರ್ದಿಷ್ಟವಾಗಿ ವಿಧಿಸಿದ ಕ್ರಮವನ್ನು ಕೈಗೊಳ್ಳದಿದ್ದರೆ ಮಾತ್ರ ನ್ಯಾಯಾಲಯ ಒತ್ತಾಯಿಸಬಹುದು, ಒಟ್ಟಾರೆ ನಿರ್ವಹಣೆ ಸರಿಯಿಲ್ಲವೆಂಬ ದೂರಿಗೆ ಅಲ್ಲ ಎಂದು 2004ರಲ್ಲಿ ಸರ್ವಾನುಮತದ ತೀರ್ಪು ಬಂದಿತು. ಸವಾರರಿಗೂ ದೂರುಗಳಿವೆ: ಮುಚ್ಚಿದ ಹಾದಿ ಮತ್ತೆ ತೆರೆಯುವುದು ಅಪರೂಪ, ಉಳಿದ ಹಾದಿಗಳ ಮೇಲೆ ಒತ್ತಡ ಹೆಚ್ಚುತ್ತದೆ, ವೃದ್ಧರೂ ಅಂಗವಿಕಲರೂ ದೂರದ ಕಣಿವೆಗಳನ್ನು ನೋಡಲು ವಾಹನವೇ ದಾರಿ ಎಂಬ ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಾನ್ಸನ್ ಕಣಿವೆಯ ದೊಡ್ಡ ಭಾಗ 2013ರ ಕಾಯ್ದೆಯಿಂದ ನೌಕಾಪದಾತಿ ದಳದ ತರಬೇತಿಗೆ ಹೋಯಿತು. 2019ರ ಮಾರ್ಚ್‌ನಲ್ಲಿ ಸಹಿಯಾದ ಡಿಂಗೆಲ್ ಕಾಯ್ದೆಯು ಡ್ಯೂಮಾಂಟ್ ಮರಳುದಿಬ್ಬ, ಎಲ್ ಮಿರಾಜ್, ಸ್ಟಾಡರ್ಡ್ ಕಣಿವೆ ಮೊದಲಾದ ಕ್ಯಾಲಿಫೋರ್ನಿಯ ಮರುಭೂಮಿಯ ತಾಣಗಳನ್ನು ಹೆದ್ದಾರಿಯೇತರ ವಾಹನಗಳ ವಿರಾಮಕ್ಷೇತ್ರಗಳೆಂದು ಶಾಸನಬದ್ಧವಾಗಿ ಘೋಷಿಸಿತು. ಅದೇ ಕಾಯ್ದೆಯಲ್ಲಿ ಮರುಭೂಮಿಯ ಬೇರೆ ಭಾಗಗಳನ್ನು ವನ್ಯಪ್ರದೇಶಗಳಾಗಿ ಸೇರಿಸಲಾಗಿದೆ.